ಧಾರವಾಡಕ್ಕೆ ಹೋಗುವ ಕಾರಣ

ಧಾರವಾಡ ಎಷ್ಟು ಚೆಂದದ ಊರು ಎಂದು ಸೀತೂರಿನ ಮಲ್ಲೇಶಪ್ಪನವರ ಜಗಲಿಯ ಮೇಲೆ ಕೂತು ಹೇಳುವುದಕ್ಕೆ ಗುಂಡಿಗೆ ಬೇಕು. ರೇಣುಕಪ್ಪನಿಗೆ ಗುಂಡಿಗೆಗಿಂತ ಬಾಯಿ ದೊಡ್ಡದು. ಬಾಳೆಹೊನ್ನೂರಿನ ಸುತ್ತಮುತ್ತ ಅಡಿಕೆ, ಏಲಕ್ಕಿ ಕೊಂಡು ಹುಬ್ಬಳ್ಳಿ ಧಾರವಾಡದ ಪೇಟೆಗೆ ಸಾಗಿಸುವ ವ್ಯಾಪಾರ ಅವನದು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಗೆ ಆ ಸೀಮೆಯ ಜನ ಅವನನ್ನೇ ಬೆರಳು ಮಾಡಿ ತೋರಿಸುತ್ತಿದ್ದರು. ತಂಗಿ ನೀಲಾಂಬಿಕೆಯನ್ನು ಮಲ್ಲೇಶಪ್ಪನವರ ಒಬ್ಬನೇ ಮಗ ಚೆನ್ನವೀರಪ್ಪನಿಗೆ ಕೊಟ್ಟಿದ್ದರಿಂದ ಆ ಜಗಲಿಯಲ್ಲಿ ಅವನಿಗೊಂದು ಚಾಪೆ, ಒಂದು ಲೋಟ ಕಾಫಿ ಯಾವಾಗಲೂ ಕಾದಿರುತ್ತಿತ್ತು. ಆದರೆ ಯುಗಾದಿ ಕಳೆದ ಮರುವಾರ ಅವನು ಬಂದದ್ದು ಕಾಫಿಗಲ್ಲ. ತಂಗಿ, ಭಾವ, ಅವರ ಮಗು ಮೂವರನ್ನೂ ಧಾರವಾಡಕ್ಕೆ ಕಳಿಸಿಕೊಡಿ ಎಂದು ಕೇಳುವುದಕ್ಕೆ ಬಂದಿದ್ದ.

"ಮಾವಾರೇ, ಗಾಳಿ ಅಂದ್ರೆ ಅಲ್ಲಿ ಗಾಳಿ. ಊರ ತುಂಬ ಬೇವಿನ ಮರ, ಮಾವಿನ ಮರ. ಸಂಜೆ ಆಯ್ತು ಅಂದ್ರೆ ಜನ ಗುಡ್ಡದ ಮೇಲೆ ತಿರುಗಾಡಕ್ಕೆ ಹೋಗ್ತಾರೆ."

"ಎಂತಕ್ಕೆ?" ಎಂದರು ಮಲ್ಲೇಶಪ್ಪ.

"ಎಂತಕ್ಕೂ ಅಲ್ಲ. ನೋಡಕ್ಕೆ. ಅಲ್ಲಿ ನಿಂತ್ರೆ ಊರು ಕಾಣ್ತದೆ, ಕೆರೆ ಕಾಣ್ತದೆ. ಚೆಂದ."

ಮಲ್ಲೇಶಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದರು. "ಅಲ್ಲ ಮಾರಾಯ, ಗುಡ್ಡ ನೋಡಕ್ಕೆ ಇಲ್ಲಿಂದ ಧಾರವಾಡಕ್ಕೆ ಹೋಗಬೇಕಾ? ಇಲ್ಲಿ ಕಣ್ಣು ಬಿಟ್ರೆ ಗುಡ್ಡ ಮೂಗಿಗೇ ತಾಗ್ತದೆ. ಸಿರಿಮನೆಯಲ್ಲಿ ನೀರು ಮೇಲಿಂದ ಬೀಳೋದು ನೋಡಕ್ಕೆ ಎಲ್ಲೆಲ್ಲಿಂದಲೋ ಜನ ಬರ್ತಾರಂತೆ. ಅಷ್ಟು ಹತ್ತಿರ ಇದ್ದೂ ನಾನೇ ನೋಡಿಲ್ಲ. ಪುರುಸೊತ್ತೇ ಆಗಿಲ್ಲ."

ರೇಣುಕಪ್ಪ ಸೋಲುವ ಆಸಾಮಿಯಲ್ಲ. ಚೆಂದ ನಡೆಯದಿದ್ದರೆ ರುಚಿ ಎಂದು ಪೇಡೆಯ ಸುದ್ದಿ ತೆಗೆದ. ಮಲ್ಲೇಶಪ್ಪ ಸಿಹಿ ತಿನ್ನುವವರಲ್ಲ. ಜೋಳದ ರೊಟ್ಟಿ ಎಂದ. ಅಕ್ಕಿ ಬೆಳೆಯುವವನಿಗೆ ಜೋಳದ ಆಸೆ ತೋರಿಸುತ್ತೀಯಲ್ಲ ಎಂದು ಅವರು ನಕ್ಕರು. ಶಾಲೆ, ಕಾಲೇಜು ಎಂದ. ಹೆಣ್ಣು ಮಗುವಿಗೆ ಮೂರು ವರ್ಷ, ಅದಕ್ಕೆ ಕಾಲೇಜು ಯಾವ ಮೂಲೆಗೆ ಎಂದು ಕೇಳಿದರು. ಕೊನೆಗೆ ರೇಣುಕಪ್ಪ ತನ್ನ ಪಾಲುದಾರನ ಮಂಡಿಯ ವಿಷಯ ಎತ್ತಿದ. ಅಡಿಕೆಯ ಗುಣ ಬಲ್ಲ ನಂಬಿಕೆಯ ಮನುಷ್ಯನೊಬ್ಬ ಅಲ್ಲಿ ಕೂರಬೇಕಾಗಿದೆ, ಚೆನ್ನವೀರಪ್ಪನಿಗಿಂತ ಒಳ್ಳೆಯವನು ಯಾರಿದ್ದಾರೆ ಎಂದ. ಈ ಮಾತಿಗೆ ಮಲ್ಲೇಶಪ್ಪ ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದರು.

"ಅದು ಯಾರ ರಾಜ್ಯ?" ಎಂದು ಕೇಳಿದರು, ಮತ್ತೆ ಕೂತು.

"ಬೊಂಬಾಯಿ ಸರ್ಕಾರದ್ದು."

"ಅಂದ್ರೆ ಬಿಳಿಯರದ್ದು. ನಮ್ಮ ಮಹಾರಾಜರ ರಾಜ್ಯ ಬಿಟ್ಟು ನನ್ನ ಮಗ ಬಿಳಿಯರ ರಾಜ್ಯದಲ್ಲಿ ಹೋಗಿ ಕೂರಬೇಕಾ? ಕಾಫಿ ಕುಡಿ, ಆರಿಹೋಗ್ತದೆ."

ಬಾಗಿಲ ಹಿಂದೆ ನಿಂತಿದ್ದ ನೀಲಾಂಬಿಕೆಗೆ ಮೈಯೆಲ್ಲ ಉರಿಯಿತು. ಮಾವನ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚು ಸಿಟ್ಟು ಅಣ್ಣನ ಮೇಲೆ ಬಂತು. ಅವನಿಗಿಂತ ಹೆಚ್ಚು ತನ್ನ ಮೇಲೆ ಬಂತು. ಪೇಡೆ, ಗುಡ್ಡ, ಕೆರೆ ಎಂದೆಲ್ಲ ಹೇಳಿಕೊಟ್ಟವಳು ಅವಳೇ. ಹೇಳಬೇಕಾದ ಒಂದು ಮಾತನ್ನು ಬಾಯಿ ತಪ್ಪಿಯೂ ಆಡಬೇಡ ಎಂದು ಆಣೆ ಹಾಕಿಸಿದವಳೂ ಅವಳೇ.

ಆ ಮಾತು ಚಳಿಜ್ವರ. ಆ ಕಾಲದಲ್ಲಿ ಮಲೆನಾಡಿನಲ್ಲಿ ಅದು ಇಲ್ಲದ ಮನೆಯನ್ನು ದೀಪ ಹಚ್ಚಿ ಹುಡುಕಬೇಕಿತ್ತು. ಆದರೆ ಮಲ್ಲೇಶಪ್ಪನವರ ಮನೆಯಲ್ಲಿ ಅದರ ಹೆಸರು ಹೇಳುವಂತಿರಲಿಲ್ಲ. ಹೆಸರು ಹೇಳಿದರೆ ಕರೆದಂತೆ ಎಂದು ಅವರು ಹೇಳುತ್ತಿದ್ದರು. ಮೈ ಕಾದರೆ 'ಸ್ವಲ್ಪ ಬೆಚ್ಚಗಿದೆ' ಎನ್ನಬೇಕು. ಹಲ್ಲು ಕಟಕಟ ಎಂದು ನಡುಗಿದರೆ 'ಗಾಳಿ ಸೋಕಿದೆ' ಎನ್ನಬೇಕು. ನೀಲಾಂಬಿಕೆಯ ದೊಡ್ಡ ಮಗ ಹಾಗೆಯೇ ಸ್ವಲ್ಪ ಬೆಚ್ಚಗಾಗಿ ಸತ್ತ. ಎರಡನೆಯವನು ಗಾಳಿ ಸೋಕಿ ಸತ್ತ. ಇಬ್ಬರನ್ನೂ ಹೊಲದಾಚೆ ಮಣ್ಣಿಗಿಟ್ಟು ಬಂದ ಮೇಲೆ ಉಳಿದವಳು ಸರ್ವಮಂಗಳಾ.

ಈಗ ಅವಳಿಗೂ ಹತ್ತಿತ್ತು. ಒಂದು ದಿನ ಬಿಟ್ಟು ಒಂದು ದಿನ, ಹೊತ್ತು ನೆತ್ತಿಗೆ ಬರುವ ವೇಳೆಗೆ ಸರಿಯಾಗಿ ಬರುತ್ತಿತ್ತು. ಪಕ್ಕೆಯ ಕೆಳಗೆ ಕೈಯಿಟ್ಟರೆ ಜ್ವರಗಡ್ಡೆ ಕಲ್ಲಿನ ಹಾಗೆ ಸಿಗುತ್ತಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಬರಬರುತ್ತ ಆ ಮಗುವಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಆಡುತ್ತಿದ್ದವಳು ಆಟ ನಿಲ್ಲಿಸಿ, ಒಳಗೆ ಹೋಗಿ, ತಾನೇ ಕಂಬಳಿ ಎಳೆದುಕೊಂಡು ಬಂದು ಅವ್ವನ ಕಾಲ ಬಳಿ ಹಾಸಿಕೊಂಡು ಮಲಗುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನೀಲಾಂಬಿಕೆಗೆ ಇಷ್ಟು ಭಯವಾಗುತ್ತಿರಲಿಲ್ಲವೇನೋ.

ಎಡೇಹಳ್ಳಿಯ ಆಸ್ಪತ್ರೆಗೆ ಅವಳು ಮಗುವನ್ನು ಹೊತ್ತುಕೊಂಡು ಹೋಗಿದ್ದಳು. ಎಡೇಹಳ್ಳಿಗೆ ನರಸಿಂಹರಾಜಪುರ ಎಂಬ ಹೊಸ ಹೆಸರು ಬಂದು ವರ್ಷಗಳಾಗಿದ್ದರೂ ಸುತ್ತಲಿನವರ ಬಾಯಲ್ಲಿ ಅದಿನ್ನೂ ಎಡೇಹಳ್ಳಿಯೇ. ಡಾಕ್ಟರು ಕ್ವಿನೈನ್ ಕೊಟ್ಟರು. ಆಮೇಲೆ ಮಗುವಿನ ಹೊಟ್ಟೆಯ ಮೇಲಿನ ಕೈ ತೆಗೆಯದೆಯೇ, "ನೋಡಮ್ಮ, ಔಷಧಿ ಕುಡಿಸಿ ಮತ್ತೆ ಅದೇ ಸೊಳ್ಳೆ ಬಾಯಿಗೆ ಕೊಟ್ಟರೆ ಏನು ಬಂತು? ಮಳೆ ಹಿಡಿಯೋದರೊಳಗೆ ಯಾವುದಾದರೂ ಒಣ ಊರಿಗೆ ಕರಕೊಂಡು ಹೋಗಿ. ಈ ಮಗು ಇನ್ನೊಂದು ವರ್ಷ ಇಲ್ಲಿ ತಡೆಯೋಲ್ಲ" ಎಂದರು. ಅವಳು ಮನೆಗೆ ಬಂದು ಗಂಡನಿಗೆ ಹೇಳಿದಳು. ಚೆನ್ನವೀರಪ್ಪ ಒಳ್ಳೆಯವನು. ಕೇಳಿ ಕಣ್ಣಲ್ಲಿ ನೀರು ತಂದುಕೊಂಡ. ನೀರು ಒರೆಸಿಕೊಂಡು, "ಅಪ್ಪ ಹೂಂ ಅಂದ್ರೆ ಇವತ್ತೇ ಹೊರಡಾಣ" ಎಂದ. ಹೂಂ ಎನ್ನಿಸುವ ಕೆಲಸ ಅವಳ ಪಾಲಿಗೇ ಬಂತು. ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಅದಕ್ಕೇ ಅಣ್ಣನನ್ನು ಕರೆಸಿದ್ದಳು. ಜ್ವರ ಎಂದು ಬಾಯಿಬಿಟ್ಟರೆ ಮಾವ ಎದ್ದೇ ಹೋಗುತ್ತಾರೆಂದು ಹೆದರಿ ಅವನಿಗೆ ಪೇಡೆ, ಗುಡ್ಡಗಳನ್ನು ಕೊಟ್ಟಿದ್ದಳು. ಅವನು ಅವನ್ನೆಲ್ಲ ಹರವಿಟ್ಟು, ಮಾರಾಟವಾಗದೆ ಮತ್ತೆ ಗಂಟು ಕಟ್ಟಿದ.

ಊಟಕ್ಕೆ ಕೂತಾಗ ಮಲ್ಲೇಶಪ್ಪನವರೇ ಒಂದು ದಾರಿ ತೆಗೆದರು.

"ನಾನು ಬೇಡ ಅಂದೆ ಅಂತ ನಿನಗೆ ಬೇಜಾರು ಬೇಡ ರೇಣುಕಪ್ಪ. ಸೋಮವಾರ ಗುಡಿಗೆ ಹೋಗಾಣ. ಹೂ ಕೇಳಾಣ. ವೀರಭದ್ರ ಏನು ಹೇಳ್ತಾನೋ ಅದು. ನನ್ನದೂ ಇಲ್ಲ, ನಿನ್ನದೂ ಇಲ್ಲ."

ಊರಾಚೆ, ಎಡೇಹಳ್ಳಿಯ ರಸ್ತೆ ಕವಲಾಗುವಲ್ಲಿ ವೀರಭದ್ರನ ಗುಡಿ. ಮನೆಗಳಲ್ಲಿ ತೀರದ ಮಾತು ಅಲ್ಲಿ ತೀರುತ್ತಿತ್ತು. ಪೂಜೆಯ ಅಯ್ಯನವರು ಎರಡು ಹೂಗಳನ್ನು ನೀರಿನಲ್ಲಿ ಅದ್ದಿ ದೇವರ ಎರಡು ಭುಜಗಳಿಗೆ ಅಂಟಿಸುತ್ತಾರೆ. ಕೇಳುವವರು ಮಿಂದು, ಒದ್ದೆ ಬಟ್ಟೆಯಲ್ಲಿ, ಉಪವಾಸ ಇದ್ದು ಕೇಳುತ್ತಾರೆ. ಬಲದ ಹೂ ಬಿದ್ದರೆ ಆಗಲಿ ಎಂದು. ಎಡದ್ದು ಬಿದ್ದರೆ ಬೇಡ ಎಂದು. ಮದುವೆ, ಮನೆ, ಪಾಲು, ಎಲ್ಲ ಹಾಗೆಯೇ ನಿರ್ಧಾರವಾಗುತ್ತಿತ್ತು. ಒಮ್ಮೆ ಬಿದ್ದ ಹೂವಿನ ಮೇಲೆ ಎರಡನೆಯ ಮಾತು ಆಡಿದವರನ್ನು ಊರು ಕಂಡಿರಲಿಲ್ಲ.

ಆ ಮಧ್ಯಾಹ್ನ ಅಡಿಗೆಮನೆಯಲ್ಲಿ ನೀಲಾಂಬಿಕೆ ಪಾತ್ರೆಯನ್ನು ತಿಕ್ಕುತ್ತಿರಲಿಲ್ಲ, ಹೊಡೆಯುತ್ತಿದ್ದಳು. ಅತ್ತೆ ವೀರಬಸಮ್ಮ ಒಲೆಯ ಪಕ್ಕ ಕೂತು ನೋಡುವಷ್ಟು ಹೊತ್ತು ನೋಡಿದರು.

"ಪಾತ್ರೆ ಎಂತ ಮಾಡ್ತು ನಿನಗೆ?"

"ಅತ್ತೆ, ಹೂ ಎಡಕ್ಕೆ ಬಿದ್ರೂ ನಾನು ಹೋಗೋದೇ. ಮಗು ಎತ್ತಿಕೊಂಡು ನಡೆದಾದ್ರೂ ಹೋಗ್ತೀನಿ. ನೀವು ಮಾವಾರಿಗೆ ಹೇಳಿ ಬೇಕಾದ್ರೆ."

ವೀರಬಸಮ್ಮ ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಬೈಯಲಿಲ್ಲ. ಒಲೆಯ ಕೆಂಡವನ್ನು ಕಡ್ಡಿಯಿಂದ ಕೆದಕುತ್ತ, ಯಾರಿಗೋ ಹೇಳುವಂತೆ ಹೇಳಿದರು.

"ಇವರ ಅಣ್ಣ ದಾವಣಗೆರೆಗೆ ಹೋದ್ರಲ್ಲ, ನಿನಗೆ ಗೊತ್ತಿಲ್ಲ, ನೀನಿನ್ನೂ ಹುಟ್ಟಿರಲಿಲ್ಲ. ಹೋಗುವಾಗ ನಮ್ಮನ್ನೂ ಕರೆದ್ರು. ಮಕ್ಕಳನ್ನ ಎತ್ತಿಕೊಂಡು ಬನ್ನಿ, ಇಲ್ಲಿ ಉಳಿಯಲ್ಲ ಅಂದ್ರು. ಆಗ ನನಗೆ ಐವರು ಮಕ್ಕಳು. ಇವರು, ಹಿರಿಯರ ಭೂಮಿ ಬಿಟ್ಟು ಓಡೋದು ಹೇಡಿಗಳು ಅಂತ ಅಣ್ಣನಿಗೇ ಅಂದ್ಬಿಟ್ರು. ಅವರ ಮಕ್ಕಳೆಲ್ಲ ಅಲ್ಲಿ ಬೆಳೆದು ಮೊಮ್ಮಕ್ಕಳನ್ನ ಕಂಡಾಯ್ತು. ನನಗೆ ಉಳಿದದ್ದು ನಿನ್ನ ಗಂಡ ಒಬ್ಬನೇ."

ನೀಲಾಂಬಿಕೆಯ ಕೈ ನಿಂತಿತು. ಆ ಮನೆಗೆ ಬಂದು ಇಷ್ಟು ವರ್ಷವಾಗಿ ಅವಳು ಈ ಮಾತನ್ನು ಕೇಳಿರಲಿಲ್ಲ. ದಾವಣಗೆರೆಯ ನೆಂಟರ ಸುದ್ದಿ ಬಂದಾಗಲೆಲ್ಲ ಮಾವ ಏಕೆ ಎದ್ದು ತೋಟದ ಕಡೆ ಹೋಗುತ್ತಿದ್ದರು ಎಂಬುದು ಈಗ ತಿಳಿಯಿತು. ಧಾರವಾಡಕ್ಕೆ ಹೋದರೆ ಸರ್ವಮಂಗಳಾ ಉಳಿಯುತ್ತಾಳೆ ಎಂದು ಅವರು ಒಪ್ಪಿದರೆ, ದಾವಣಗೆರೆಗೆ ಹೋಗಿದ್ದರೆ ತನ್ನ ನಾಲ್ವರೂ ಉಳಿಯುತ್ತಿದ್ದರು ಎಂದು ಒಪ್ಪಿದಂತೆ. ಅದನ್ನು ಒಪ್ಪಿಕೊಂಡು ಯಾವ ಅಪ್ಪ ಬದುಕಿಯಾನು? ಒಂದು ಗಳಿಗೆ ಅವಳಿಗೆ ಆ ಮುದುಕರ ಮೇಲೆ ಕನಿಕರ ಬಂತು. ಕನಿಕರ ಬಂದರೂ ಮನಸ್ಸು ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಅವರ ನೋವಿಗೆ ತನ್ನ ಮಗಳನ್ನು ಕೊಡುವುದಕ್ಕೆ ಅವಳು ತಯಾರಿರಲಿಲ್ಲ.

"ನೀವು ಯಾಕೆ ಆಗ ಸುಮ್ಮನಿದ್ರಿ ಅತ್ತೆ?" ಎಂದು ಕೇಳಿದಳು.

ವೀರಬಸಮ್ಮ ಎದ್ದು ಹಿತ್ತಲಿಗೆ ಹೋದರು.

ಸೋಮವಾರ ಬೆಳಿಗ್ಗೆ ಗಾಡಿ ಕಟ್ಟಿ ಎಲ್ಲರೂ ಹೊರಟರು. ಮಗುವನ್ನು ಮನೆಯಲ್ಲಿ ಬಿಡು ಎಂದು ಚೆನ್ನವೀರಪ್ಪ ಹೇಳಿದ. ನೀಲಾಂಬಿಕೆ ಬಿಡಲಿಲ್ಲ. ಅವತ್ತು ಮಗುವಿಗೆ ಬರುವ ದಿನ ಎಂದು ಅವಳಿಗೆ ಗೊತ್ತಿತ್ತು. ಕಂಬಳಿಯನ್ನೂ ಗಾಡಿಯಲ್ಲಿ ಹಾಕಿಕೊಂಡಳು. ಮಾವ ಅದನ್ನು ನೋಡಿದರು, ನೋಡದವರಂತೆ ಎತ್ತಿನ ಕೊಂಬಿನ ಕಡೆ ತಿರುಗಿದರು.

ಗುಡಿಯ ಅಯ್ಯನವರು ಪರಮಶಿವಯ್ಯ. ತೆಳ್ಳಗೆ ಎತ್ತರದ ಮನುಷ್ಯ. ಆಡುವುದು ಕಡಿಮೆ, ಆಡಿದರೆ ಅಳೆದು ಆಡುವವರು. ಎಲ್ಲರೂ ಗುಡಿಯ ಪಕ್ಕದ ಹಳ್ಳದಲ್ಲಿ ಮುಳುಗಿ ಎದ್ದು ಬಂದರು. ಅಯ್ಯನವರು ಎರಡು ಕೆಂಪು ಕಣಗಿಲೆಯನ್ನು ಅದ್ದಿ ದೇವರ ಭುಜಕ್ಕೆ ಒತ್ತಿ, ಹಿಂದೆ ಸರಿದು, "ಕೇಳಿ" ಎಂದರು.

ಮಲ್ಲೇಶಪ್ಪ ಕೈಮುಗಿದು ಗಟ್ಟಿಯಾಗಿ ಕೇಳಿದರು. "ತಂದೆ ವೀರಭದ್ರ, ಧಾರವಾಡ ಒಳ್ಳೆ ಊರು ಅಂತಾರೆ. ಗಾಳಿ ಚೆಂದ, ನೋಟ ಚೆಂದ, ವ್ಯಾಪಾರಕ್ಕೆ ದಾರಿ ಅದೆ ಅಂತಾರೆ. ಇದ್ದ ಭೂಮಿ ಬಿಟ್ಟು ನನ್ನ ಮಗ ಅಲ್ಲಿಗೆ ಹೋಗೋದು ಸರಿಯೋ? ಅಪ್ಪಣೆ ಕೊಡು."

ಎಲ್ಲರೂ ಉಸಿರು ಹಿಡಿದು ನಿಂತರು. ಹೆಚ್ಚು ಹೊತ್ತು ಹಿಡಿಯಬೇಕಾಗಲಿಲ್ಲ. ಎಡದ ಹೂ ಜಾರಿ ಪಾದದ ಮೇಲೆ ಬಿತ್ತು.

ರೇಣುಕಪ್ಪನ ಮುಖ ಇಳಿಯಿತು. ಚೆನ್ನವೀರಪ್ಪ ನೆಲ ನೋಡಿದ. ಮಲ್ಲೇಶಪ್ಪ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟು, "ಆಯ್ತಲ್ಲ" ಎಂದರು. ನೀಲಾಂಬಿಕೆಗೆ ಆ ಕ್ಷಣ ಅಳು ಬರಬೇಕಿತ್ತು. ಬರಲಿಲ್ಲ. ದೇವರು ಸರಿಯಾಗಿಯೇ ಹೇಳಿದನಲ್ಲ ಎನಿಸಿತು. ಗಾಳಿ ಚೆಂದ, ನೋಟ ಚೆಂದ ಎಂದು ಯಾರಾದರೂ ಇದ್ದ ಮನೆ ಬಿಟ್ಟು ಹೋಗುತ್ತಾರೆಯೇ? ಕೇಳಿದ್ದಕ್ಕೆ ತಕ್ಕ ಉತ್ತರ ಕೊಟ್ಟ. ಕೇಳಬೇಕಾದ್ದನ್ನು ಇನ್ನೂ ಯಾರೂ ಕೇಳಿಯೇ ಇಲ್ಲ. ಅವಳು ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡು ಗರ್ಭಗುಡಿಯ ಹೊಸಿಲಿನ ತನಕ ಬಂದಳು.

"ಅಯ್ನೋರೇ, ಹೊಸ ಹೂ ಇಡಿ. ನಾನೊಂದು ಕೇಳಬೇಕು."

ಮಾವನ ಮುಂದೆ ಅವಳ ದನಿ ಕೇಳಿಸಿದ್ದು ಅದೇ ಮೊದಲು. ಮಲ್ಲೇಶಪ್ಪ ಸಿಡಿದುಬಿದ್ದರು. ಆದರೆ ಅವಳಿಗೆ ಹೇಳದೆ ಅಯ್ಯನವರಿಗೆ ಹೇಳಿದರು. "ಹೂ ಬಿದ್ದಾಯ್ತು. ಮನೆ ಯಜಮಾನ ಕೇಳಿದ ಮೇಲೆ ಹೆಂಗಸರು ಕೇಳೋದು ಎಲ್ಲಿದೆ?"

ಪರಮಶಿವಯ್ಯ ಸ್ವಲ್ಪ ಯೋಚಿಸಿದರು. "ಬಿದ್ದ ಹೂವಿನ ಮೇಲೆ ಅದೇ ಮಾತು ಕೇಳಂಗಿಲ್ಲ ಮಲ್ಲೇಶಪ್ಪ. ಬೇರೆ ಮಾತು ಕೇಳಬಹುದು. ಇನ್ನು ಹೆಂಗಸರು ಅಂದ್ರಲ್ಲ, ಆ ತಾಯಿ ಕೊರಳಲ್ಲೂ ಲಿಂಗ ಅದೆ, ನಿಮ್ಮ ಕೊರಳಲ್ಲೂ ಅದೆ. ನಿಮ್ಮದು ದೊಡ್ಡದು, ಅವಳದು ಸಣ್ಣದು ಅಂತ ನಮ್ಮಲ್ಲಿ ಇಲ್ಲ."

ಬಸವಣ್ಣನ ಒಕ್ಕಲು ಎಂದು ಎದೆ ತಟ್ಟಿ ಹೇಳಿಕೊಳ್ಳುವ ಮನುಷ್ಯ ಇದಕ್ಕೆ ಏನು ಹೇಳಿಯಾನು? ಅಯ್ಯನವರು ಹೊಸದಾಗಿ ಎರಡು ಹೂ ಅದ್ದಿ ಒತ್ತಿದರು.

ನೀಲಾಂಬಿಕೆ ಗಟ್ಟಿಯಾಗಿ ಕೂಗಲಿಲ್ಲ. ಆದರೆ ಒಂದಕ್ಷರವನ್ನೂ ನುಂಗದೆ ಕೇಳಿದಳು.

"ನನ್ನ ಎರಡು ಗಂಡು ಮಕ್ಕಳು ಚಳಿಜ್ವರದಲ್ಲಿ ಸತ್ರು. ಈ ಮಗುವಿಗೂ ಚಳಿಜ್ವರ ಬಂದಿದೆ. ಈ ಊರಲ್ಲೇ ಇದ್ರೆ ಇವಳು ಉಳೀತಾಳೋ ಇಲ್ಲವೋ? ಅಷ್ಟು ಹೇಳು, ಬೇರೇನೂ ಬೇಡ."

ಚಳಿಜ್ವರ ಎಂಬ ಮಾತು ಎರಡು ಸಲ ಗುಡಿಯ ಕಲ್ಲಿಗೆ ಬಡಿದು ಬಂತು. ವೀರಬಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಎಲ್ಲರೂ ಹೂವನ್ನೇ ನೋಡಿದರು. ಹೂ ಅಲುಗಲಿಲ್ಲ.

ಒಬ್ಬರೂ ಕದಲದೆ ಕಾದರು. ಕಾಲು ಸೋತವರು ಕೂತರು. ಮೈ ಮೇಲಿನ ಬಟ್ಟೆ ಒಣಗುತ್ತ ಬಂತು. ಬಿಸಿಲು ಅಂಗಳದಿಂದ ಮೆಟ್ಟಿಲು ಹತ್ತಿತು. ಬಲದ್ದೂ ಬೀಳಲಿಲ್ಲ, ಎಡದ್ದೂ ಬೀಳಲಿಲ್ಲ. ರೇಣುಕಪ್ಪ ಕೂಡ ಸುಮ್ಮನಿದ್ದ ಎಂದರೆ ಆ ಹೊತ್ತಿನ ಭಾರ ಎಷ್ಟಿತ್ತು ಎಂದು ನೀವೇ ತಿಳಿದುಕೊಳ್ಳಿ.

"ಅಯ್ನೋರೇ, ಎದ್ದು ಹೋಗಬಹುದಾ?" ಎಂದು ಕೊನೆಗೆ ಮಲ್ಲೇಶಪ್ಪ ಕೇಳಿದರು.

"ಆಗಲ್ಲ. ಕೇಳಿದ ಮಾತು ಮೇಲೆ ನಿಂತಿದೆ. ಅದನ್ನ ಹಾಗೇ ಬಿಟ್ಟು ಹೋಗಂಗಿಲ್ಲ."

"ಬೀಳ್ತಾ ಇಲ್ಲವಲ್ಲ?"

"ಅದಕ್ಕೂ ದಾರಿ ಅದೆ. ನಮ್ಮಪ್ಪನ ಕಾಲದಲ್ಲಿ ಒಂದು ಸಲ ಆಗಿತ್ತಂತೆ. ದೇವರು ಸುಮ್ಮನಿದ್ರೆ ಮನೆಯ ಹಿರಿಯ ಗರ್ಭಗುಡಿ ಹೊಸಿಲ ಮೇಲೆ ಕೈ ಇಟ್ಟು ತಾನೇ ಉತ್ತರ ಹೇಳಬೇಕು. ಲಿಂಗ ಮುಟ್ಟಿ, ಸುಳ್ಳಿಲ್ಲದೆ ಹೇಳಬೇಕು. ಹೇಳಿದ ಮೇಲೆ ಅದೇ ಹೂ ಬಿದ್ದ ಹಾಗೆ."

ಮಲ್ಲೇಶಪ್ಪ ಅಲುಗಾಡಲಿಲ್ಲ. ಮಗನ ಕಡೆ ನೋಡಿದರು, ರೇಣುಕಪ್ಪನ ಕಡೆ ನೋಡಿದರು. ದೇವರ ತಲೆಯ ಮೇಲೆ ಹೊಣೆ ಹಾಕಿ ಮನೆಗೆ ಹೋಗಬೇಕೆಂದು ಬಂದವರ ತಲೆಯ ಮೇಲೆ ದೇವರೇ ಹೊಣೆಯನ್ನು ವಾಪಸು ಇಟ್ಟಿದ್ದ. ಅವರು ಇನ್ನೂ ಕಾಯುತ್ತಿದ್ದರು. ಬಲದ ಹೂವನ್ನೇ ಕಣ್ಣು ನೆಟ್ಟು ನೋಡುತ್ತಿದ್ದರು.

ಹೊತ್ತು ನೆತ್ತಿಗೆ ಬಂತು. ಕಂಬದ ಬಳಿ ಕಲ್ಲು ಪೇರಿಸಿ ಆಡುತ್ತಿದ್ದ ಸರ್ವಮಂಗಳಾ ಆಟ ನಿಲ್ಲಿಸಿದಳು. ತನ್ನ ಎರಡು ಕೈಗಳನ್ನೂ ಕಂಕುಳಲ್ಲಿ ಇಟ್ಟುಕೊಂಡಳು. ಆಮೇಲೆ ಎದ್ದು, ಅವ್ವ ಗಾಡಿಯಿಂದ ತಂದು ಮೂಲೆಯಲ್ಲಿಟ್ಟಿದ್ದ ಕಂಬಳಿಯನ್ನು ಎರಡು ಕೈಯಲ್ಲೂ ಹಿಡಿದು ಎಳೆಯುತ್ತ ಬಂದಳು. ಅವ್ವನ ಬಳಿಗೆ ಬರುವ ದಾರಿಯಲ್ಲಿ ಅಜ್ಜ ಕೂತಿದ್ದರು. ಅಷ್ಟರಲ್ಲೇ ನಡುಕ ಹತ್ತಿತು. ಮುಂದೆ ಹೋಗಲಾರದೆ ಮಗು ಅಜ್ಜನ ಕಾಲ ಬಳಿಯೇ ಕಂಬಳಿ ಹಾಕಿಕೊಂಡು ಮಲಗಿ, "ಅಜ್ಜ, ಹೊದೆಸು" ಎಂದಿತು.

ನೀಲಾಂಬಿಕೆ ಎದ್ದು ಬರಲು ಹೋದಳು. ವೀರಬಸಮ್ಮ ಅವಳ ಕೈ ಹಿಡಿದು ನಿಲ್ಲಿಸಿದರು.

ಮಲ್ಲೇಶಪ್ಪ ಹೊದೆಸಿದರು. ಕಂಬಳಿ ಮಗುವಿನ ಜೊತೆ ನಡುಗುತ್ತಿತ್ತು. ಅವರು ಎರಡು ಕೈಯಿಂದಲೂ ಒತ್ತಿ ಹಿಡಿದರು. ಹಲ್ಲು ಕಟಕಟ ಎನ್ನುವ ಸದ್ದು ಆ ಸಣ್ಣ ಗುಡಿಯಲ್ಲಿ ಎಲ್ಲರಿಗೂ ಕೇಳುತ್ತಿತ್ತು. ಹಿಂದೆ ನಾಲ್ಕು ಮಕ್ಕಳ ಮೇಲೆ ಹೀಗೆಯೇ ಕಂಬಳಿ ಒತ್ತಿ ಹಿಡಿದಿದ್ದ ಕೈ ಅದು. ಏನು ಮುಟ್ಟಿದ್ದೇನೆ ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರು ಮಗುವನ್ನು ಕಂಬಳಿಯ ಸಮೇತ ಎತ್ತಿ ಎದೆಗೆ ಹಾಕಿಕೊಂಡು ಎದ್ದರು. ಹೊಸಿಲಿನ ತನಕ ಹೋಗಿ ಕೂತು ಒಂದು ಕೈ ಕಲ್ಲಿನ ಮೇಲಿಟ್ಟರು. ಇನ್ನೊಂದು ಕೈ ಎದೆಯ ಮೇಲಿನ ಲಿಂಗಕ್ಕೂ ಮಗುವಿಗೂ ಒಟ್ಟಿಗೇ ತಾಗಿತ್ತು.

"ಉಳಿಯಲ್ಲ" ಎಂದರು. ದನಿ ಹೊರಗೆ ಬರಲಿಲ್ಲ. ಮತ್ತೆ ಹೇಳಿದರು. "ಇಲ್ಲಿ ಇದ್ರೆ ಈ ಮಗು ಉಳಿಯಲ್ಲ. ಚಳಿಜ್ವರ ತಗೊಂಡು ಹೋಗ್ತದೆ. ನನ್ನ ನಾಲ್ಕು ಮಕ್ಕಳನ್ನೂ ಅದೇ ತಗೊಂಡು ಹೋಯ್ತು. ಅಣ್ಣ ಕರೆದಾಗ ಹೋಗಿದ್ರೆ ಅವು ಉಳೀತಿದ್ವು. ನನಗೆ ಗೊತ್ತಿತ್ತು. ಆಗಲೂ ಗೊತ್ತಿತ್ತು."

ಪರಮಶಿವಯ್ಯ, "ಮೊದಲು ಬಿದ್ದ ಹೂ ಚೆಂದಕ್ಕೂ ವ್ಯಾಪಾರಕ್ಕೂ ಬೇಡ ಅಂದದ್ದು, ಜೀವ ಉಳಿಸಕ್ಕಲ್ಲ" ಎಂದು ಒಳಗೆ ಹೋಗಿ ಎರಡು ಹೂಗಳನ್ನೂ ಕೈಯಾರೆ ಇಳಿಸಿದರು. ಮಲ್ಲೇಶಪ್ಪ ಅಳುತ್ತಿದ್ದರು. ಅವರು ಅಳುವುದನ್ನು ಚೆನ್ನವೀರಪ್ಪ ಹುಟ್ಟಿದಾಗಿನಿಂದ ಕಂಡಿರಲಿಲ್ಲ, ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆ ನೋಡಿದ. ನೀಲಾಂಬಿಕೆ ಬಂದು ಮಾವನ ಕಾಲು ಮುಟ್ಟಿದಳು. ಗೆದ್ದೆ ಎಂದು ಅವಳಿಗೆ ಅನ್ನಿಸಲಿಲ್ಲ. ಕಿವಿಯಲ್ಲಿ ಮಗುವಿನ ಹಲ್ಲಿನ ಸದ್ದೇ ತುಂಬಿತ್ತು.

ವೀರಬಸಮ್ಮ ಅವರ ಎದುರು ಬಂದು ನಿಂತರು.

"ಅವತ್ತು ನಾನು ಹೂ ಕೇಳಬೇಕಾಗಿತ್ತು" ಎಂದರು. "ಧೈರ್ಯ ಬರಲಿಲ್ಲ."

"ಕೇಳಿದ್ರೂ ನಾನು ಸುಳ್ಳು ಹೇಳ್ತಿದ್ದೆ ಬಸಮ್ಮ" ಎಂದರು ಮಲ್ಲೇಶಪ್ಪ.

ನಡುಕ ಇಳಿದು ಮಗುವಿನ ಮೈ ಕಾಯತೊಡಗುವವರೆಗೆ ಯಾರೂ ಹೊರಡಲಿಲ್ಲ. ಆಮೇಲೆ ಚೆನ್ನವೀರಪ್ಪ ಹೊರಗೆ ಹೋಗಿ ಎತ್ತು ಕಟ್ಟಿದ. ವ್ಯಾಪಾರಿಯ ಬುದ್ಧಿ ಎಲ್ಲಿ ಹೋಗುತ್ತದೆ, ರೇಣುಕಪ್ಪನಿಗೆ ಬಾಯಿ ಮರಳಿ ಬಂದಿತ್ತು. ಮನೆಗೆ ಹೋಗಿ ಪಾತ್ರೆ ಪಡಗ ಕಟ್ಟಿಕೊಂಡು, ಒಳ್ಳೆಯ ದಿನ ನೋಡಿಕೊಂಡು ಮುಂದಿನ ವಾರ ಹೊರಡಬಹುದು, ಅಷ್ಟರಲ್ಲಿ ತಾನು ಮನೆ ಗೊತ್ತು ಮಾಡುತ್ತೇನೆ ಎಂದು ಹೇಳುತ್ತಿದ್ದ. ಚೆನ್ನವೀರಪ್ಪ ತಲೆಯಾಡಿಸುತ್ತ ಗಾಡಿಯನ್ನು ಊರಿನ ಕಡೆ ತಿರುಗಿಸಿದ.

"ಆ ಕಡೆ ಬೇಡ" ಎಂದರು ಮಲ್ಲೇಶಪ್ಪ.

ಎಲ್ಲರೂ ಅವರ ಮುಖ ನೋಡಿದರು.

"ಎಡೇಹಳ್ಳಿ ಕಡೆ ಹೊಡಿ. ತರೀಕೆರೆಗೆ ಹೋಗೋ ಟ್ರಾಂ ಇವತ್ತಿಂದು ಸಿಗದಿದ್ರೆ ಛತ್ರದಲ್ಲಿ ಮಲಗಿ ನಾಳೆದು ಹಿಡೀರಿ. ಅಲ್ಲಿಂದ ಮುಂದೆ ದೊಡ್ಡ ರೈಲು ಸಿಗ್ತದೆ. ಪಾತ್ರೆ ಆಮೇಲೆ ಕಳಿಸ್ತೀನಿ."

"ಉಟ್ಟ ಬಟ್ಟೆಯಲ್ಲೇನಾ ಅಪ್ಪ?" ಎಂದ ಚೆನ್ನವೀರಪ್ಪ.

"ಉಟ್ಟ ಬಟ್ಟೆಯಲ್ಲೇ. ಮನೆಗೆ ಹೋದ್ರೆ ನಾನು ಆ ಜಗಲಿ ಮೇಲೆ ಕೂರ್ತೀನಿ. ಕೂತ್ರೆ ಮತ್ತೆ ನನಗೆ ನೂರು ಕಾರಣ ಸಿಗ್ತವೆ. ನಾನು ಎಂಥವನು ಅಂತ ನನಗೆ ಗೊತ್ತು ಮಾರಾಯ. ಹೊಡಿ."

ಮಗುವನ್ನು ಅವರು ಸೊಸೆಯ ಕೈಗೆ ಕೊಟ್ಟರು. ನೀಲಾಂಬಿಕೆ ಗಾಡಿ ಹತ್ತಿದಳು. ರೇಣುಕಪ್ಪ ಮುಂದೆ ಕೂತ. ವೀರಬಸಮ್ಮ ಗಂಡನ ಪಕ್ಕದಲ್ಲಿ ನಿಂತಿದ್ದವರು, ಸೆರಗನ್ನು ಸೊಂಟಕ್ಕೆ ಬಿಗಿದು, ಗಾಡಿಯ ಹಿಂದಿನ ಹಲಗೆ ಹಿಡಿದು ಹತ್ತಿ ಸೊಸೆಯ ಎದುರು ಕೂತರು.

"ನೀನೆಲ್ಲಿಗೆ?" ಎಂದು ಮಲ್ಲೇಶಪ್ಪ ಕೇಳಿದರು.

"ದಾರಿಯಲ್ಲಿ ಮಗು ಹಿಡಿಯೋರು ಯಾರಾದ್ರೂ ಬೇಡವಾ? ಅದು ಗುಣ ಆಗ್ಲಿ, ಬರ್ತೀನಿ" ಎಂದರು ಅವರು. "ಅವತ್ತು ಹತ್ತದಿದ್ದ ಗಾಡಿ ಇದು."

ಮಲ್ಲೇಶಪ್ಪ ಬೇಡ ಎನ್ನಲಿಲ್ಲ. ನಾಲ್ಕು ಹೆಜ್ಜೆ ಗಾಡಿಯ ಜೊತೆ ನಡೆದು ಬಂದು, ಮಗನ ಕೈಯಿಂದ ಬಾರುಕೋಲು ತೆಗೆದುಕೊಂಡು, ಎತ್ತಿನ ಬೆನ್ನಿಗೆ ತಾವೇ ಒಂದು ಏಟು ಕೊಟ್ಟರು.